ಹಿಮಕರಡಿ ತಿಂದಿದೆ

ಮೃಗಾಲಯದ ಹೊಸ ಸಭಾಂಗಣದ ಬಾಗಿಲ ಮೇಲೆ ಮೊಳದುದ್ದದ ಅಕ್ಷರಗಳಲ್ಲಿ ಬರೆಸಿದ್ದರು: ‘ಹಿಮಕರಡಿಯೋ, ಕಂದು ಕರಡಿಯೋ? ಕಾದಾಡಿದರೆ ಗೆಲ್ಲುವವರು ಯಾರು?’ ಇಪ್ಪತ್ತನೇ ತಾರೀಖು ಉದ್ಘಾಟನೆ. ಆಹ್ವಾನ ಪತ್ರಿಕೆ ಹಂಚಿಯಾಗಿತ್ತು, ಮಂತ್ರಿಗಳು ಒಪ್ಪಿಯಾಗಿತ್ತು, ಕತ್ತರಿಸುವ ರಿಬ್ಬನ್ನೂ ಬಂದಾಗಿತ್ತು. ಒಂದೇ ಒಂದು ತೊಡಕು. ಕುಸ್ತಿಗಿದ್ದ ಇಬ್ಬರು ಪೈಲ್ವಾನರಲ್ಲಿ ಒಬ್ಬ ಮಾತ್ರ ಸತ್ತಿದ್ದ.

ಸತ್ತವನು ಕಂದು ಕರಡಿ. ಹೋದ ವರ್ಷ ಹೋದವನು ಈಗ ಚರ್ಮದ ಬೊಂಬೆಯಾಗಿ ಹಿಂಗಾಲ ಮೇಲೆ ನಿಂತು, ಒಂದು ಪಂಜ ಎತ್ತಿ, ಹಲ್ಲು ಕಿಸಿದು, ಎದುರಿನ ಖಾಲಿ ಕಟ್ಟೆಯ ಮೇಲೆ ಹರಿಹಾಯುತ್ತಿದ್ದ. ಆ ಕಟ್ಟೆ ಹತ್ತಬೇಕಾದ ಹಿಮಕರಡಿ ಇನ್ನೂರು ಹೆಜ್ಜೆ ಆಚೆ, ಬೋನಿನ ಸಿಮೆಂಟು ನೆಲದ ಮೇಲೆ ಮಲಗಿ, ಮೂವತ್ತೆರಡನೇ ವಯಸ್ಸಿನಲ್ಲೂ ಹಠ ಹಿಡಿದು ಉಸಿರಾಡುತ್ತಿತ್ತು. ಮೃಗಾಲಯದ ನಿರ್ದೇಶಕರನ್ನು ಎಲ್ಲರೂ ಸಾಹೇಬರು ಅನ್ನುತ್ತಿದ್ದರು. ಸಾಹೇಬರ ಪ್ರಕಾರ ಒಂದು ಕರಡಿ ಪಕ್ಕಾ ಆಗಿತ್ತು, ಇನ್ನೊಂದು ಇನ್ನೂ ಕರಡಿನಲ್ಲೇ ಇತ್ತು.

ದಿನಾ ಬೆಳಿಗ್ಗೆ ಎಂಟೂವರೆಗೆ ಅವರು ಬೋನಿನ ಹತ್ತಿರ ಬರುತ್ತಿದ್ದರು.

“ಹೇಗಿದಾನೆ ಮಾವ, ನಮ್ಮ ಬಿಳಿಯಣ್ಣ?”

“ಚೆನ್ನಾಗಿದಾನೆ ಸಾರ್. ನಿಮ್ಮನ್ನ ಕೇಳ್ದೆ ಅಂತ ಹೇಳು ಅಂದ.”

“ತಿಂತಿದಾನಾ?”

“ಬಕೆಟ್ಟೇ ನೆಕ್ಕಿಟ್ಟಿದಾನೆ.”

“ಓ. ಒಳ್ಳೇದಾಯ್ತು ಬಿಡಿ,” ಅನ್ನುವಾಗ ಸಾಹೇಬರ ಮುಖ, ಹುಷಾರಾಗಿ ಎದ್ದು ಕೂತ ಶ್ರೀಮಂತ ಚಿಕ್ಕಪ್ಪನನ್ನು ಕಂಡ ವಾರಸುದಾರನ ಮುಖದಂತಾಗುತ್ತಿತ್ತು.

ಮಾವ ಅಂದರೆ ಕರಡಿಗಳನ್ನು ನೋಡಿಕೊಳ್ಳುವವರು. ಮೂವತ್ತೊಂದು ವರ್ಷದ ಸರ್ವಿಸು. ಮಗಳ ಗಂಡ ಅದೇ ಮೃಗಾಲಯದಲ್ಲಿ ಸತ್ತ ಪ್ರಾಣಿಗಳ ಚರ್ಮ ಹದ ಮಾಡಿ ಬೊಂಬೆ ನಿಲ್ಲಿಸುವ ಕೆಲಸಕ್ಕೆ ಸೇರಿದ ಮೇಲೆ, ಅವನು ಕರೆಯುವುದನ್ನು ಕೇಳಿ ಕೇಳಿ ಎಲ್ಲರಿಗೂ ಅವರು ಮಾವನೇ ಆಗಿಹೋದರು. ಅಳಿಯನದು ಅಳತೆಯ ಕೆಲಸ, ಮಾವನದು ಅಳು ನುಂಗುವ ಕೆಲಸ. ಬದುಕಿರುವವರೆಗೆ ಪ್ರಾಣಿ ಮಾವನದು, ಸತ್ತ ಮೇಲೆ ಅಳಿಯನದು. ಮಗಳನ್ನು ಕೊಟ್ಟಷ್ಟು ಸಲೀಸಾಗಿ ಮಾವ ಕರಡಿ ಕೊಟ್ಟಿರಲಿಲ್ಲ.

ಬೋನಿನ ಬಾಗಿಲ ಪಕ್ಕದ ಮೊಳೆಗೆ ಒಂದು ಪುಸ್ತಕ ನೇತಾಡುತ್ತಿತ್ತು. ಬೆಳಿಗ್ಗೆ ಬಕೆಟ್ಟಿನಲ್ಲಿ ಮೀನು, ಮಾಂಸ ಇಡಬೇಕು. ಮರುದಿನ ಬೆಳಿಗ್ಗೆ ಉಳಿದದ್ದನ್ನು ತೂಗಿ ಪುಸ್ತಕದಲ್ಲಿ ಎರಡರಲ್ಲಿ ಒಂದು ಮಾತು ಬರೆಯಬೇಕು: ‘ತಿಂದಿದೆ’ ಅಥವಾ ‘ಬಿಟ್ಟಿದೆ’. ಸಾಲಾಗಿ ಮೂರು ‘ಬಿಟ್ಟಿದೆ’ ಬಿದ್ದರೆ ಡಾಕ್ಟರಮ್ಮ ಬರಬೇಕು. ಎಳೆಯ ಪ್ರಾಣಿಗಾದರೆ ಮದ್ದಿನ ಸೂಜಿ. ಈ ವಯಸ್ಸಿನದಕ್ಕೆ ಕೊನೆಯ ಸೂಜಿ. ಆ ಪುಸ್ತಕದಲ್ಲಿ ಮೂವತ್ತೊಂದು ವರ್ಷದಿಂದ ಮಾವನ ಕೈಬರಹ ಬಿಟ್ಟು ಬೇರೆ ಇರಲಿಲ್ಲ. “ನನ್ನ ಥರ್ಮಾಮೀಟರ್ ಸುಳ್ಳು ಹೇಳಬಹುದು, ಮಾವ ಹೇಳಲ್ಲ,” ಎಂದು ಡಾಕ್ಟರಮ್ಮ ಹೊಸಬರಿಗೆಲ್ಲ ಹೇಳುತ್ತಿದ್ದರು.

ಕಂದು ಕರಡಿಯನ್ನು ಮಾವ ‘ಕಂದ’ ಅನ್ನುತ್ತಿದ್ದರು. ಕಂದ ಊಟ ಬಿಟ್ಟಾಗ ಅವರು ಮೂರು ದಿನ ಮೂರು ‘ಬಿಟ್ಟಿದೆ’ ಬರೆದಿದ್ದರು, ಒಂದು ಅಕ್ಷರವೂ ಓರೆಯಾಗದಂತೆ. ಸೂಜಿ ಕೆಲಸ ಮಾಡುವವರೆಗೂ ಸರಳಿನ ಸಂದಿಯಲ್ಲಿ ಕೈ ತೂರಿಸಿ ಅವನ ಕಿವಿ ಕೆರೆದಿದ್ದರು. ಆಮೇಲೆ ಒಂದು ದಿನ ಸಭಾಂಗಣಕ್ಕೆ ಹೋಗಿ ನೋಡಿದರೆ, ಜನ್ಮದಲ್ಲಿ ಯಾರ ಮೇಲೂ ಪಂಜ ಎತ್ತದವನು ಪಂಜ ಎತ್ತಿ ನಿಂತಿದ್ದ. ಬಾಯಿತುಂಬ ಬೇರೆ ಯಾರದೋ ಹಲ್ಲು.

ಅವತ್ತಿನಿಂದ ಮಾವ ಅಳಿಯನ ಜೊತೆ ಮಾತು ಬಿಟ್ಟರು. ಒಂದೇ ಮನೆ, ಒಂದೇ ಮೇಜು, ನಡುವೆ ಮಗಳೇ ಅಂಚೆ ಕಚೇರಿ.

“ಉಪ್ಪು ಕೊಡಬೇಕಂತ ಅವರಿಗೆ ಹೇಳಮ್ಮ.”

“ಅಪ್ಪಾ, ಅವರು ಇಲ್ಲೇ ಕೂತಿದಾರೆ, ಕಿವೀನೂ ಇದೆ.”

“ಇದ್ರೆ ಇರಲಿ. ಅದನ್ನೂ ಯಾರಿಂದ ತೆಗೆದು ಅಂಟಿಸ್ಕೊಂಡಿದಾರೋ.”

ಅಳಿಯ ತಲೆ ಎತ್ತದೆ ಉಪ್ಪು ಸರಿಸುತ್ತಿದ್ದ.

ಇಂಥ ಹೊತ್ತಿನಲ್ಲಿ, ಆರನೇ ತಾರೀಖು, ಹಿಮಕರಡಿ ಬಕೆಟ್ಟಿಗೆ ಮೂಗು ತಾಗಿಸಿ ಮುಖ ತಿರುಗಿಸಿತು. ಏಳನೇ ತಾರೀಖು ಬೆಳಿಗ್ಗೆ ಮಾವ ತುಂಬಿದ ಬಕೆಟ್ಟನ್ನು ತೂಗಿದರು. ಪೆನ್ನು ಹಿಡಿದು ಬಹಳ ಹೊತ್ತು ನಿಂತರು. ಇವತ್ತೊಂದು, ನಾಳೆಯೊಂದು, ನಾಡಿದ್ದೊಂದು. ಆಮೇಲೆ ಸೂಜಿ, ಆಮೇಲೆ ಚಾಕು, ಇಪ್ಪತ್ತಕ್ಕೆ ಕಟ್ಟೆ. ಇಪ್ಪತ್ತು ದಾಟಲಿ, ಉದ್ಘಾಟನೆ ಮುಗಿದರೆ ಆ ಕಟ್ಟೆಯನ್ನು ಯಾರೂ ಕೇಳುವುದಿಲ್ಲ, ಆಮೇಲೆ ಅವನು ತನ್ನ ಪಾಡಿಗೆ ತಾನು ಹೋಗಲಿ ಎಂದುಕೊಂಡರು. ಮೀನನ್ನು ಪಕ್ಕದ ಕೊಳದ ಹೆಜ್ಜಾರ್ಲೆ ಹಕ್ಕಿಗಳಿಗೆ ಸುರಿದು ಬಂದು, ದುಂಡಗೆ ಬರೆದರು: ‘ತಿಂದಿದೆ.’

ಮೂವತ್ತೊಂದು ವರ್ಷದಲ್ಲಿ ಮೊದಲ ಸುಳ್ಳು. ಬಹಳ ಚೆನ್ನಾಗಿ ಬಂದಿತ್ತು.

ಎಂಟು, ಒಂಬತ್ತು, ಹತ್ತು. ಹಿಮಕರಡಿ ತಿಂದಿದೆ, ತಿಂದಿದೆ, ತಿಂದಿದೆ. ಕೊಳದ ಹೆಜ್ಜಾರ್ಲೆಗಳು ಹಾರುವುದನ್ನೇ ಮರೆತವು. “ಈ ಹಕ್ಕಿಗಳಿಗೇನು ಬಾವು ಬಂದಿದೆಯೇನ್ರೀ?” ಎಂದು ಸಾಹೇಬರು ಒಂದು ದಿನ ನಿಂತು ನೋಡಿದರು.

ಬೋನಿನ ಮುಂದೆ ಜನ ಈಗಲೇ ಪಣ ಕಟ್ಟತೊಡಗಿದ್ದರು.

“ಬಿಳಿದೇ ಭಾರ ಜಾಸ್ತಿ ಕಣೋ. ಒಂದು ಕೊಟ್ರೆ ಮುಗೀತು ಕಥೆ.”

“ಕೊಡೋಕೆ ಭುಜ ಬೇಡ್ವಾ? ಕಂದುದಕ್ಕೆ ಬೆನ್ನ ಮೇಲೆ ಡುಬ್ಬ ನೋಡಿದ್ಯಾ, ಅಷ್ಟೂ ಮಾಂಸಖಂಡ. ಉಗುರಂತೂ ಇಷ್ಟುದ್ದ.”

“ಹೋಗೋ, ಇದು ಸೀಲ್ ತಿಂದು ಬೆಳೆದಿರೋದು. ಅದು ಹಣ್ಣು ತಿನ್ನೋ ಜಾತಿ.”

“ಇದಕ್ಕೆ ಐದು ನಿಮಿಷಕ್ಕೇ ಸೆಕೆ ಹತ್ತುತ್ತೆ. ಸುಸ್ತಾಗಿ ಬೀಳುತ್ತೆ. ಮಾವ, ನೀವೇ ಹೇಳಿ, ಇಬ್ಬರನ್ನೂ ನೋಡಿದೋರು. ಯಾರು ಗೆಲ್ತಿದ್ರು?”

“ಇಬ್ಬರ ಮಧ್ಯೆ ಒಂದು ಗೋಡೆ ಇತ್ತು,” ಅಂದರು ಮಾವ. “ಆ ಕಡೆ ಅವನು, ಈ ಕಡೆ ಇವನು, ಇಪ್ಪತ್ತು ವರ್ಷ ಅದಕ್ಕೇ ಬೆನ್ನು ಕೊಟ್ಟು ಮಲಗಿದ್ರು. ಗೆದ್ದಿದ್ದು ಗೋಡೆ.”

“ಮಾವ ಭಾರೀ ತಮಾಷೆ,” ಎಂದು ನಗುತ್ತ ಅವರು ಸಿಂಹದ ಕಡೆ ಹೋದರು.

ಹದಿನೇಳನೇ ತಾರೀಖು ಬೆಳಿಗ್ಗೆ ಅಳಿಯ ಬಂದ. ಕೈಯಲ್ಲಿ ಅಳತೆಯ ಪಟ್ಟಿ, ಇನ್ನೊಂದು ಕೈಯಲ್ಲಿ ರಟ್ಟಿನ ಪುಟ್ಟ ಡಬ್ಬಿ. ಮಾವ ಬಾಗಿಲಿಗೆ ಅಡ್ಡ ನಿಂತರು.

“ಬದುಕಿರೋರ ಅಳತೆ ತಗೊಳ್ಳೋಕೆ ನೀನೇನು ದರ್ಜಿಯೇನೋ?” ಒಂದು ವರ್ಷದ ಮೇಲೆ ನೇರವಾಗಿ ಆಡಿದ ಮೊದಲ ಮಾತು ಅದು.

ಅಳಿಯ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡ. ಸರಳಿನಾಚೆ ಕಣ್ಣು ಕಿರಿದು ಮಾಡಿ ನೋಡಿದ. “ಸಾಹೇಬರು ಕಳಿಸಿದ್ರು. ಅದು ಬಿಡಿ. ಮಾವ, ನನಗೆ ಕರಡಿ ಗೊತ್ತಿಲ್ಲ, ಚರ್ಮ ಗೊತ್ತು. ಆ ಸೊಂಟದ ಹತ್ತಿರ ನೋಡಿ, ಅಣ್ಣನ ಅಂಗಿ ತಮ್ಮನಿಗೆ ಹಾಕಿದ ಹಾಗಿದೆ. ಇದು ತಿಂದಿರೋ ಕರಡಿ ಅಲ್ಲ.”

ಮಾವ ಪುಸ್ತಕದ ಕಡೆ ಬೆರಳು ಮಾಡಿದರು.

“ಪುಸ್ತಕ ನೋಡ್ದೆ. ಹೆಜ್ಜಾರ್ಲೇನೂ ನೋಡ್ದೆ,” ಅಂದ ಅಳಿಯ. “ವಾರದಿಂದ ಗೊತ್ತು. ನಾನು ಬಾಯಿಬಿಟ್ರೆ ನನಗೆ ಚರ್ಮದ ಅವಸರ ಅಂತೀರಿ. ಅದಕ್ಕೆ ಸುಮ್ಮನಿದ್ದೆ. ಇನ್ನು ಆಗಲ್ಲ. ಇದನ್ನ ನೋಡಿ.”

ಡಬ್ಬಿಯಲ್ಲಿ ಹತ್ತಿಯ ಮೇಲೆ ಕೆಲವು ಹಲ್ಲುಗಳಿದ್ದವು. ಬುಡದವರೆಗೂ ಸವೆದು, ಹಳದಿ ಗುಂಡಿಗಳಂತಿದ್ದವು. ಒಂದರ ಬೇರಿನಲ್ಲಿ ಕಡಲೆ ಗಾತ್ರದ ತೂತು.

“ಕಂದನವು. ಕಬ್ಬಿಣ ಕಚ್ಚಿ ಕಚ್ಚಿ ಹೀಗಾಗಿವೆ. ಈ ತೂತು ಕೀವಿನದು, ದವಡೆ ಮೂಳೆಗೂ ಇಳಿದಿತ್ತು. ಅವನು ವಯಸ್ಸಾಗಿ ಊಟ ಬಿಟ್ಟಿದ್ದಲ್ಲ ಮಾವ. ಹಲ್ಲುನೋವು. ನೀವು ಬೇಗ ಕಳಿಸಿದ್ರಿ, ಮೂರೇ ದಿನ ಅನುಭವಿಸಿದ. ಇದನ್ನ ಜನಕ್ಕೆ ಕಾಣಿಸಬಾರದು ಅಂತ ಹೊಸ ಹಲ್ಲು ಹಾಕ್ದೆ.” ಅವನು ಸರಳಿನ ಕಡೆ ತಿರುಗಿದ. “ಇವನು ಬಲದವಡೆ ಎಲ್ಲಿಟ್ಟಿದಾನೆ ನೋಡಿ.”

ಹಿಮಕರಡಿ ನೀರಿನ ತೊಟ್ಟಿಯ ತಣ್ಣನೆಯ ಅಂಚಿಗೆ ಬಲದವಡೆ ಒತ್ತಿ ಮಲಗಿತ್ತು. ಹನ್ನೊಂದು ದಿನದಿಂದಲೂ ಹಾಗೇ ಮಲಗಿತ್ತು. ಅದನ್ನು ಮಾವ ಹನ್ನೊಂದು ದಿನವೂ ಕಂಡಿದ್ದರು. ಸೆಕೆ ಅಂದುಕೊಂಡಿದ್ದರು, ಯಾಕೆಂದರೆ ಹಾಗೆ ಅಂದುಕೊಳ್ಳುವುದು ಅನುಕೂಲವಾಗಿತ್ತು.

“ಇಪ್ಪತ್ತು ದಾಟಿಸೋಣ ಅಂತಿದ್ದೆ ಕಣೋ,” ಅಂದರು. “ಆ ಕಟ್ಟೆ ಮೇಲೆ ಇವನನ್ನ ನಿಲ್ಲಿಸಬಾರದು ಅಂತ.”

ಅಳಿಯ ಅವರನ್ನೇ ನೋಡಿದ. “ಮಾವ, ಒಂದು ಚರ್ಮ ಹದವಾಗಿ ಒಣಗೋಕೆ ಮೂರು ತಿಂಗಳು ಬೇಕು. ಆರನೇ ತಾರೀಖು ಸತ್ತಿದ್ರೂ ಇಪ್ಪತ್ತಕ್ಕೆ ಆಗ್ತಿರಲಿಲ್ಲ. ಸಾಹೇಬರಿಗೆ ಹೇಳಿ ಹೇಳಿ ಸಾಕಾಯ್ತು, ಅವರ ತಲೆಗೆ ಹೋಗಲ್ಲ. ನೀವು ಕೇಳಿದ್ರೆ ಹೇಳ್ತಿದ್ದೆ.”

ಕೇಳಬೇಕಾದರೆ ಮಾತಾಡಬೇಕಿತ್ತು.

ಅರ್ಧ ಗಂಟೆಯಲ್ಲಿ ಡಾಕ್ಟರಮ್ಮ ಬಂದರು. ಮಾವ ಒಂದನ್ನೂ ಮುಚ್ಚಿಡದೆ ಹೇಳಿದರು. ಡಾಕ್ಟರಮ್ಮ ಪುಸ್ತಕದ ಪುಟವನ್ನು ಎರಡು ಸಲ ಓದಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

“ಇವತ್ತೇ ಸೂಜಿ ಕೊಟ್ಬಿಡಿ ಅಮ್ಮ. ನಾನು ಬರೆದುಕೊಡ್ತೀನಿ.”

“ಯಾವುದನ್ನ ಬರೆದುಕೊಡ್ತೀರಿ ಮಾವ? ಇಲ್ಲಿ ನಿನ್ನೆವರೆಗೂ ತಿಂದಿದೆ ಅಂತಿದೆ. ಇವತ್ತು ನಾನು ಸೂಜಿ ಕೊಟ್ರೆ, ಉದ್ಘಾಟನೆಗೆ ಮೂರು ದಿನ ಇರೋವಾಗ ಚೆನ್ನಾಗಿ ತಿಂತಿದ್ದ ಕರಡೀನ ಪ್ರದರ್ಶನಕ್ಕೋಸ್ಕರ ಕೊಂದ್ರು ಅಂತಾರೆ. ನಾನು ಏನಂತ ಉತ್ತರ ಕೊಡಲಿ? ಮಾವ ಹೇಳಿದ್ರು ಅಂತಲಾ?”

ಡಾಕ್ಟರಮ್ಮ ಪುಟ ಮುಚ್ಚಿದರು.

“ಮೂರು ದಿನ. ನಾನೇ ತೂಗ್ತೀನಿ, ನಾನೇ ಬರೀತೀನಿ,” ಎಂದು ಅವರು ಪುಸ್ತಕವನ್ನು ಮೊಳೆಯಿಂದ ತೆಗೆದು ಕಂಕುಳಲ್ಲಿಟ್ಟುಕೊಂಡರು.

ದೂರದಿಂದ ಸೂಜಿ ಹೊಡೆದು ನೋವಿನ ಮದ್ದು ಕೊಟ್ಟರು. ಅದು ಅರ್ಧ ದಿನ ಹಿಡಿಯುತ್ತಿತ್ತು, ಉಳಿದರ್ಧ ದಿನ ಹಿಡಿಯುತ್ತಿರಲಿಲ್ಲ. ಹಿಡಿಯದ ಹೊತ್ತಿನಲ್ಲಿ ಕರಡಿ ಎದ್ದು ಹೋಗಿ ಸರಳು ಕಚ್ಚುತ್ತಿತ್ತು. ಹಲ್ಲು ಕಬ್ಬಿಣದ ಮೇಲೆ ಜಾರುವ ಸದ್ದು ಸಭಾಂಗಣದವರೆಗೂ ಕೇಳುತ್ತಿತ್ತು. “ನೋಡಿ, ಎಷ್ಟು ರೋಷ!” ಎಂದು ಸಾಹೇಬರು ಪತ್ರಿಕೆಯವರಿಗೆ ಹೇಳಿದರು. ಮಾವ ಮತ್ತು ಅಳಿಯ ಮಂಜುಗಡ್ಡೆ ಹೊತ್ತು ತಂದು ಸರಳಿನ ಸಂದಿಯಲ್ಲಿ ಒಳಗೆ ತಳ್ಳಿದರು. ಅದಕ್ಕೆ ದವಡೆ ಒತ್ತಿ ಅದು ಮಲಗುವುದನ್ನು ನೋಡುತ್ತ, ಮಗಳು ಕಟ್ಟಿಕೊಟ್ಟ ಬುತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಸಂಜೆ ಮಗಳು ತುಂಬಿದ ಹಾಗೇ ವಾಪಸು ಬಂದ ಎರಡೂ ಡಬ್ಬಿ ತೆರೆದು ನೋಡಿ, “ಇದಕ್ಕೆ ಏನಂತ ಬರೀಲಿ?” ಅಂದಳು. ಯಾರೂ ನಗಲಿಲ್ಲ, ಅವಳೂ.

ಹದಿನೆಂಟು, ಬಿಟ್ಟಿದೆ. ಹತ್ತೊಂಬತ್ತು, ಬಿಟ್ಟಿದೆ. ಇಪ್ಪತ್ತು, ಬೆಳಿಗ್ಗೆ ಒಂಬತ್ತು, ಬಿಟ್ಟಿದೆ.

ಹತ್ತು ಗಂಟೆಗೆ ಸಭಾಂಗಣದಲ್ಲಿ ರಿಬ್ಬನ್ ಕತ್ತರಿಸಿದರು. ಖಾಲಿ ಕಟ್ಟೆಯ ಮೇಲೆ ಹಿಮಕರಡಿಯ ರಟ್ಟಿನ ಚಿತ್ರವೊಂದನ್ನು ನಿಲ್ಲಿಸಿದ್ದರು. “ಗೆಲ್ಲೋರು ಯಾರು? ಬಿಳಿಗೆ ಕೈ ಎತ್ತಿ!” ಎಂದು ಧ್ವನಿವರ್ಧಕ ಕೂಗಿತು. ಜನ ಹೋ ಎಂದರು.

ಆ ಕೂಗು ಬೋನಿಗೆ ಬಂದು ಮುಟ್ಟುವಾಗ ಡಾಕ್ಟರಮ್ಮ ಸೂಜಿ ಕೊಟ್ಟಾಗಿತ್ತು. ಮಾವ ಸಂದಿಯಲ್ಲಿ ಕೈ ತೂರಿಸಿ ಕಿವಿಯ ಹಿಂದೆ ಕೆರೆಯುತ್ತಿದ್ದರು. ಮೊದಲೆಲ್ಲ ಹಾಗೆ ಕೆರೆದರೆ ಅದು ತಲೆಯನ್ನು ಕೈಗೆ ಒತ್ತುತ್ತಿತ್ತು. ಇವತ್ತು ಒತ್ತಲಿಲ್ಲ, ದೂರವೂ ಸರಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ದವಡೆ ಸಡಿಲವಾಗಿ, ಮಂಜುಗಡ್ಡೆಯ ಮೇಲಿಂದ ಜಾರಿತು.

ಡಾಕ್ಟರಮ್ಮ ಪುಸ್ತಕ ತೆರೆದು ಕೊನೆಯ ಸಾಲು ಬರೆದರು. ಮಾವ ಅಭ್ಯಾಸಬಲದಿಂದ ಪೆನ್ನಿಗೆ ಕೈ ಚಾಚಿದರು. ಡಾಕ್ಟರಮ್ಮ ಪೆನ್ನಿಗೆ ಮುಚ್ಚಳ ಹಾಕಿ, ಜೇಬಿಗೆ ಸಿಕ್ಕಿಸಿಕೊಂಡು, ಪುಸ್ತಕ ಹಿಡಿದು ಹೊರಟುಹೋದರು.

ಬೋನಿನ ಬಾಗಿಲು ತೆರೆದಿತ್ತು. ಅಳಿಯ ಒಳಗೆ ಹೋಗಿ ಬಾಲದ ಹತ್ತಿರ ಮಂಡಿಯೂರಿ, ಅಳತೆಯ ಪಟ್ಟಿ ಬಿಚ್ಚಿದ. ಅದರ ಇನ್ನೊಂದು ತುದಿ ಹಿಡಿಯಲು ಯಾರೂ ಇರಲಿಲ್ಲ. ಅವನು ಕೇಳಲೂ ಇಲ್ಲ.

ಮಾವ ಒಳಗೆ ಬಂದು, ತುದಿಯನ್ನು ತೆಗೆದುಕೊಂಡು, ಮೂಗಿನ ಮೇಲೆ ಇಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದರು.

“ಎಷ್ಟು?”

ಅಳಿಯ ಹೇಳಿದ.

“ಇನ್ನೊಂದ್ಸಲ ನೋಡು,” ಅಂದರು ಮಾವ. “ನೋಡಿ ಬರ್ಕೋ.”