ಅಕ್ಕಯ್ಯಮ್ಮನ ಸುಸ್ತು ಸೋಮಾರಿತನವಲ್ಲ

ಇದು ಹೋದ ವರ್ಷ, ೧೯೬೩ರಲ್ಲಿ ನಡೆದದ್ದು. ಜಂಗಮಕೋಟೆಯ ಅಕ್ಕಯ್ಯಮ್ಮನಿಗೆ ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಎಷ್ಟು ಮಲಗಿದರೂ ಮೈ ಸೋತೇ ಇರುತ್ತಿತ್ತು. ಕೂದಲು ಉದುರುತ್ತಿತ್ತು. ಮೂಗಿನ ಮೇಲೆ, ಎರಡೂ ಕೆನ್ನೆಗಳ ಮೇಲೆ ಕೆಂಪು ಕಲೆ ಹರಡಿತ್ತು.

"ಇದು ರೇಷ್ಮೆ ಹುಳಕ್ಕೆ ಅಂಟಿದ್ರೆ ಒಂದೂ ಗೂಡು ಕಟ್ಟಲ್ಲ. ಹುಳದ ಮನೆ ಒಳಕ್ಕೆ ಬರಬೇಡ. ತೋಟಕ್ಕೋಗಿ ಸೊಪ್ಪು ಕುಯ್ಕೊಂಡು ಬಾ," ಎಂದಳು ಅತ್ತೆ ಶ್ಯಾಮಲಮ್ಮ.

ಬಿಸಿಲಲ್ಲಿ ಹಿಪ್ಪುನೇರಳೆ ಸೊಪ್ಪು ಕುಯ್ದಷ್ಟೂ ಮುಖ ಉರಿಯಿತು. ಜ್ವರ ಬಂತು. ಬದುವಿನ ಮೇಲೆ ಕೂತರೆ, "ಮೈಗಳ್ಳಿ" ಎಂದು ಅತ್ತೆಯ ಬೈಗುಳ ಬಂತು.

ಗಂಡ ಚೆನ್ನರಾಯಪ್ಪ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ರಕ್ತ ನೋಡಿ, "ಇದು ಲೂಪಸ್," ಎಂದರು ಡಾಕ್ಟರು. ಮಾತ್ರೆ ನುಂಗಿದ ಮೇಲೆ ನೋವು ಇಳಿಯಿತು. ಆದರೆ ಮುಖ ದುಂಡಗೆ ಊದಿತು.

"ಮಾತ್ರೆ ವಿಷ ಕಣಮ್ಮ, ಬಿಟ್ಬಿಡು," ಎಂದಳು ಅತ್ತೆ.

ಅಕ್ಕಯ್ಯಮ್ಮನಿಗೂ ಸಾಕಾಗಿತ್ತು. ಬಿಟ್ಟುಬಿಟ್ಟಳು. ವಾರ ಕಳೆಯುವುದರೊಳಗೆ ವಾಂತಿ, ತಲೆಸುತ್ತು ಶುರುವಾದವು. ಕಾಲು ಬಾತುಕೊಂಡವು.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಮನೆಯ ವಜೀರುನ್ನೀಸಾಳಿಗೂ ಇದೇ ಕಾಯಿಲೆ. ಆಸ್ಪತ್ರೆಯಲ್ಲಿ ಇಬ್ಬರಿಗೂ ಸ್ನೇಹವಾಗಿತ್ತು. ವಿಷಯ ತಿಳಿದು ಬಸ್ಸು ಹತ್ತಿ ಬಂದಳು.

"ಇದು ಅಂಟುರೋಗ ಅಲ್ಲಮ್ಮ," ಎಂದಳು ಶ್ಯಾಮಲಮ್ಮನಿಗೆ. "ನಮ್ಮ ರಕ್ತದಲ್ಲಿ ಬಿಳಿ ಕಣ ಇರ್ತಾವೆ. ರೋಗ ಬಂದ್ರೆ ಹೋರಾಡೋದು ಅವೇ. ನಮ್ಮಂಥೋರ ಮೈಯಲ್ಲಿ ಅವು ದಾರಿ ತಪ್ತಾವೆ. ನಮ್ಮ ಕೀಲು, ಚರ್ಮ, ಮೂತ್ರಪಿಂಡಾನೇ ಹಗೆ ಅಂದ್ಕೊಂಡು ಮೇಲೆ ಬೀಳ್ತಾವೆ."

"ಹಂಗಾದ್ರೆ ಆ ಕಣಾನೇ ಸಾಯಿಸ್ಬಿಡೋ ಔಷಧಿ ಕೊಡಬೇಕಮ್ಮ!" ಎಂದಳು ಅತ್ತೆ.

"ಎಲ್ಲಾನೂ ಸಾಯಿಸಿದ್ರೆ ಬೇರೆ ರೋಗ ಬಂದಾಗ ಕಾಯೋರ್ಯಾರು? ದಾರಿ ತಪ್ಪಿದ ಕಣಗಳನ್ನ ಮಾತ್ರ ಹಿಡಿಯೋ ಔಷಧಿ ಇನ್ನೂ ಬಂದಿಲ್ಲ. ಹುಡುಕ್ತಾ ಅವ್ರಂತೆ. ಅಲ್ಲೀವರೆಗೂ ಈ ಮಾತ್ರೆಯಿಂದ ಎಲ್ಲಾನೂ ತಣ್ಣಗಿಡಬೇಕು. ನನ್ನ ಮುಖಾನೂ ಊದಿತ್ತು. ಡಾಕ್ಟರು ಮೆಲ್ಲಗೆ ಮಾತ್ರೆ ಇಳಿಸಿದ್ರು, ಊತಾನೂ ಇಳೀತು. ನಾವಾಗೇ ಒಂದೇ ಸಲ ನಿಲ್ಲಿಸಿದ್ರೆ ಜೀವಕ್ಕೇ ಕುತ್ತು."

ಅಕ್ಕಯ್ಯಮ್ಮ ಗೋಡೆಗೊರಗಿ ಕೇಳಿದಳು: "ಎಷ್ಟು ದಿನ ನುಂಗಬೇಕು, ವಜೀರಮ್ಮ?"

"ನನಗೂ ಗೊತ್ತಿಲ್ಲ ಕಣೇ. ನನಗೂ ಬೇಜಾರಾಗುತ್ತೆ. ಆದ್ರೂ ನುಂಗ್ತೀನಿ."

ಶ್ಯಾಮಲಮ್ಮ ಸೊಸೆಯ ಬಾತ ಕಾಲನ್ನು ಮುಟ್ಟಿ ನೋಡಿದಳು. "ಬಿಸಿಲಿಗೆ ಹೋಗಬಹುದೇನಮ್ಮಾ?" ಎಂದಳು ಮೆಲ್ಲಗೆ.

"ಬಿಸಿಲು ಬಿದ್ರೆ ಈ ಕಾಯಿಲೆ ಕೆರಳುತ್ತೆ."

ಅತ್ತೆ ಆಗಲೇ ಎದ್ದಳು. ಮಗನನ್ನು ಕೂಗಿ, "ಗಾಡಿ ಕಟ್ಟಪ್ಪ, ಬಸ್ಸಿಗೆ ಹೋಗಣ," ಎಂದಳು.

ಆಸ್ಪತ್ರೆಯಿಂದ ಬರಲು ಬಹಳ ದಿನ ಹಿಡಿಯಿತು. ಅಕ್ಕಯ್ಯಮ್ಮನಿಗೆ ಈಗಲೂ ಸುಸ್ತಿದೆ. ಆದರೆ ಕಾಲಿನ ಬಾವು ಇಳಿದಿದೆ. ಅವಳು ನೆರಳಲ್ಲಿ ಕೂತು ಹುಳಕ್ಕೆ ಸೊಪ್ಪು ಹಾಕುತ್ತಾಳೆ. ತೋಟಕ್ಕೆ ಅತ್ತೆ ಹೋಗುತ್ತಾಳೆ. ಅವಳು ಸೊಪ್ಪು ಹಾಕಿದ ಸಲವೂ ಹುಳ ಚೆನ್ನಾಗಿಯೇ ಗೂಡು ಕಟ್ಟಿತು.

ತಾಯಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹೆಣ್ಣುಮಗಳಿಗೆ ಬಿಡದ ಸುಸ್ತು, ಕೀಲುನೋವು, ಕೆನ್ನೆಯ ಮೇಲೆ ಕೆಂಪು ಇದ್ದರೆ ಬೈಯಬೇಡಿ, ದೂರ ಇಡಬೇಡಿ. ಡಾಕ್ಟರಿಗೆ ತೋರಿಸಿ. ಅವರು ಹೇಳುವ ತನಕ ಮಾತ್ರೆ ನಿಲ್ಲಿಸಬೇಡಿ. ಅವಳು "ಆಗ್ತಿಲ್ಲ" ಎಂದರೆ, ದಯವಿಟ್ಟು ನಂಬಿ.