ನಿದ್ದೆಗಣ್ಣಿನ ಟ್ಯೂನರ್

ಕಿರ್ ಅನ್ನುತ್ತಿದೆ ಬೂಟು, ಬಲಗಾಲಿನದು, ಪಿಯಾನೋದ ಪೆಡಲ್ ಒತ್ತಿದಾಗಲೆಲ್ಲ ಒಂದು ಸಣ್ಣ ಕಿರ್, ಎದುರಿಗೆ ಕೂತ ಸಾವಿರದಿನ್ನೂರು ಜನಕ್ಕೆ ಅದು ಕೇಳಿಸುವುದಿಲ್ಲ, ವೇದಿಕೆಯ ಪಕ್ಕದ ಕಪ್ಪು ಪರದೆಯ ಮರೆಯಲ್ಲಿ ಮಡಚು ಕುರ್ಚಿ ಹಾಕಿಕೊಂಡು ಕೂತ, ಈ ಪಿಯಾನೋಗೆ ಶ್ರುತಿ ಕೂಡಿಸಿದ ಅವಳಿಗೆ ಮಾತ್ರ ಕೇಳಿಸುತ್ತದೆ — ಜಗತ್ತೆಲ್ಲ ಸುತ್ತುವ ಕಾಲು, ಒಂದು ತೊಟ್ಟು ಎಣ್ಣೆಗೆ ಗತಿಯಿಲ್ಲ, ಅಪ್ಪನಾಗಿದ್ದರೆ ಗಾಡಿ ಅಂಗಳ ದಾಟುವ ಮೊದಲೇ ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದ, ಕಿರುಗುಟ್ಟುವ ಗಾಡಿ ಹೊಡೆಯುವವನಿಗೆ ನಾಚಿಕೆಯಿಲ್ಲ ಮಗಾ ಅನ್ನುತ್ತಿದ್ದ. ಇವನಿಗೆಲ್ಲಿಯ ನಾಚಿಕೆ, ಚಿನ್ನದ ಬೆರಳಿನವನು, ಪೇಪರಿನವರು ಇಟ್ಟ ಹೆಸರು, ಹೊರಗೆ ಗೋಡೆಗೆ ಅಂಟಿಸಿದ ಪೋಸ್ಟರಿನಲ್ಲಿ ಇಪ್ಪತ್ತು ವರ್ಷದ ಹಿಂದಿನ ಕೂದಲು, ಇಲ್ಲಿ ದೀಪದ ಕೆಳಗೆ ಬೋಳು ನೆತ್ತಿ ಹೊಸದಾಗಿ ಸಾರಿಸಿದ ನೆಲದ ಹಾಗೆ ಹೊಳೆಯುತ್ತಿದೆ, ಆದರೂ ಹಳೆಯ ಕೂದಲನ್ನು ಹಿಂದಕ್ಕೆ ಎಸೆಯುವ ಹಾಗೆ ತಲೆ ಎಸೆಯುತ್ತಾನೆ, ಇಲ್ಲದ ಕೂದಲು, ಮೊದಲ ಸಾಲಿನ ಹೆಂಗಸು ಅದಕ್ಕೂ ಕಣ್ಣು ಮುಚ್ಚಿ ತಲೆದೂಗುತ್ತಾಳೆ. ಭಾನುವಾರ ಮಧ್ಯಾಹ್ನ ಮೂರರ ಕಚೇರಿ, ಊಟದ ಭಾರಕ್ಕೆ ಅರ್ಧ ಜನ ತೂಕಡಿಸುತ್ತಿದ್ದಾರೆ, ತೂಕಡಿಸಿ ಸ್ವಾಮಿ, ನಿಮಗೆ ನಿದ್ದೆ ಬಂದರೆ ಅದಕ್ಕೆ ಧ್ಯಾನ ಅನ್ನುತ್ತಾರೆ, ಟ್ಯೂನರ್‌ಗೆ ಬಂದರೆ ಮೂವತ್ತೊಂದು ವರ್ಷ ಕಥೆ ಕಟ್ಟಿ ಹೇಳುತ್ತಾರೆ.

ಇಂಥ ಎಷ್ಟು ಜನರನ್ನು ನೋಡಿಲ್ಲ ಅವಳು, ಇಪ್ಪತ್ತಾರು ವರ್ಷ ಇದೇ ಪರದೆ, ಇದೇ ಕುರ್ಚಿ, ತೊಡೆಯ ಮೇಲೆ ಇದೇ ಚರ್ಮದ ಚೀಲ. ತಾನು ಕೂರುವ ಕುರ್ಚಿಯನ್ನೇ ವಿಮಾನದಲ್ಲಿ ಹೊತ್ತು ತರುವವನೊಬ್ಬ, ಬೇರೆ ಕುರ್ಚಿಯ ಮೇಲೆ ಕೂತರೆ ಸ್ವರ ಹಾರಿಹೋಗುತ್ತದಂತೆ, ಕಾವಿಗೆ ಕೂತ ಕೋಳಿಯಾದರೂ ಬುಟ್ಟಿ ಬದಲಿಸಿದರೆ ಇಷ್ಟು ರಂಪ ಮಾಡುವುದಿಲ್ಲ. ಪರದೆಯ ಆಚೆ ಯಾರೂ ಉಸಿರು ಬಿಡಬಾರದು ಎಂದು ಕರಾರಿನಲ್ಲಿ ಬರೆಸಿಕೊಂಡು ಬಂದವಳೊಬ್ಬಳು, ಅವಳ ಕೈತೊಳೆಯುವ ನೀರು ಇಷ್ಟೇ ಬಿಸಿ ಇರಬೇಕು ಎಂದು ಅದಕ್ಕೊಂದು ಥರ್ಮಾಮೀಟರ್. ಹತ್ತೊಂಬತ್ತರಲ್ಲಿ ಒಂದು ಸ್ಪರ್ಧೆ ಗೆಲ್ಲುತ್ತಾರೆ, ಅಲ್ಲಿಗೆ ಮುಗಿಯಿತು, ಆಮೇಲೆ ಗಾಣದ ಎತ್ತು — ಅದೇ ಹನ್ನೆರಡು ಕೃತಿ, ಸೋಮವಾರ ಒಂದು ಊರು, ಬುಧವಾರ ಇನ್ನೊಂದು, ಹೋಟೆಲಿನ ಕೋಣೆ, ವಿಮಾನ, ಪರದೆ, ನಮಸ್ಕಾರ, ಸುತ್ತಿದ್ದೇ ಸುತ್ತು, ಗಾಣದ ಎತ್ತಿಗೆ ಕಣ್ಣಿಗೆ ಬಟ್ಟೆ ಕಟ್ಟಿರುತ್ತಾರೆ, ಇವರು ತಾವೇ ಕಟ್ಟಿಕೊಂಡು ಲೋಕ ನೋಡಿದೆವು ಅನ್ನುತ್ತಾರೆ. ಸಂದರ್ಶನದಲ್ಲಿ ಎಲ್ಲರದೂ ಒಂದೇ ಪಾಠ, ನನಗೆ ಊರು ಅಂತ ಇಲ್ಲ, ಪಿಯಾನೋ ಎಲ್ಲಿದೆಯೋ ಅದೇ ನನ್ನ ಊರು, ಆಹಾ, ಆ ಪಿಯಾನೋ ಅಲ್ಲಿ ನಿಂತಿರುವುದು ಹೇಗಪ್ಪಾ, ತಾನಾಗಿ ಮೊಳೆತು ಬಂತೇ, ಇನ್ನೂರಮೂವತ್ತು ತಂತಿ, ಒಂದೊಂದಕ್ಕೂ ತಿರುಗಿಸಿ ಬಿಗಿಯುವ ಒಂದು ಮೊಳೆ, ಒಂದೊಂದು ಮೊಳೆಗೂ ಒಬ್ಬರ ಮಣಿಕಟ್ಟು. ಗೊತ್ತಿಲ್ಲ. ಪಕ್ಕದ ಪೈರಿಗೆ ನೀರು ಎಲ್ಲಿಂದ ಬಂತು ಎಂದು ಮೇಯುವ ದನ ಕೇಳುತ್ತದೆಯೇ.

ಈಗ ನಿಧಾನದ ಭಾಗ ಬಂತು, ಇಲ್ಲಿ ಬಚಾವು, ಇಲ್ಲಿ ಎಡಗೈ ಕೆಲಸ ಜಾಸ್ತಿ, ಬಲಗೈ ಸುಮ್ಮನೆ ಮೇಲೆ ಮೇಲೆ ತೇಲುತ್ತದೆ, ಅವಳು ಕತ್ತು ಚಾಚಿ ಆ ಬಲಗೈಯನ್ನೇ ನೋಡುತ್ತಾಳೆ, ಕಿರುಬೆರಳು ಕಾಣುವುದಿಲ್ಲ, ಒಳಗೆ ಸೇರಿದೆ. ಬೆಳಿಗ್ಗೆ ಕಂಡಿದ್ದಳು. ಎಂಟೂವರೆಗೆ ಬಂದಿದ್ದ, ತನ್ನ ಮ್ಯಾನೇಜರ್ ಹೆಂಗಸನ್ನು ಕಾಫಿಗೆ ಕಳಿಸಿ, ಬಾಗಿಲು ತಾನೇ ಮುಚ್ಚಿ, ಏನಮ್ಮಾ, ಈ ಕೀಗಳು ಸ್ವಲ್ಪ ಭಾರ ಅನ್ನಿಸ್ತಿದೆ, ಹಗುರ ಮಾಡೋಕಾಗುತ್ತಾ. ಹದಿನೈದು ದಿನದ ಹಿಂದೆ ಇದೇ ಪಿಯಾನೋ ಮೇಲೆ ಮೂವತ್ತೆಂಟು ಕೇಜಿ ತೂಗದ ಹುಡುಗಿಯೊಬ್ಬಳು ಗುಡುಗು ಎಬ್ಬಿಸಿ ಹೋಗಿದ್ದಳು, ಭಾರವಂತೆ, ಎಷ್ಟು ಹಗುರ ಸರ್ ಎಂದರೆ, ಎಷ್ಟಾಗುತ್ತೋ ಅಷ್ಟು, ಯಾರಿಗೂ ಹೇಳಬೇಡ. ಆಗ ಕೈ ನೋಡಿದಳು. ನಾಲ್ಕು ಬೆರಳು ಕೀಮಣೆಯ ಮೇಲೆ, ಕಿರುಬೆರಳು ಅಂಗೈಯೊಳಗೆ ಮುದುಡಿ, ಬಿಡಿಸಿದರೆ ಮತ್ತೆ ಮುದುಡಿ, ಥೇಟು ಅದೇ — ಅವಳು ಚಿಕ್ಕವಳಿದ್ದಾಗ ಅಮ್ಮನ ಕೋಳಿ ಹನ್ನೊಂದು ಮರಿ ಮಾಡಿತ್ತು, ಹನ್ನೆರಡನೆಯ ಮೊಟ್ಟೆ ಒಡೆಯಲಿಲ್ಲ, ಇನ್ನೆಷ್ಟು ದಿನ ಕಾಯೋದು ಎಂದು ಅಮ್ಮ ಅದನ್ನು ಕಲ್ಲಿಗೆ ತಟ್ಟಿದಾಗ ಒಳಗೆ ಪೂರಾ ಬೆಳೆದ ಮರಿ, ಸತ್ತದ್ದು, ಒಂದು ಕಾಲು ಹೊಟ್ಟೆಗೆ ಒತ್ತಿ ಮುದುಡಿಕೊಂಡಿತ್ತು, ಉಗುರು ಸಮೇತ. ಮುಗೀತು ಇವನ ಕಥೆ, ಅಂದುಕೊಂಡಳು. ಅಂದುಕೊಂಡದ್ದಕ್ಕೆ ಅವಳಿಗೆ ಬೇಸರವೇನೂ ಆಗಲಿಲ್ಲ. ಕೆಲಸ ಮಾತ್ರ ಮಾಡಿಕೊಟ್ಟಳು, ಕೆಲಸದ ಮೇಲೆ ಸಿಟ್ಟು ತೀರಿಸಬಾರದು, ಎಂಬತ್ತೆಂಟು ಕೀಗಳನ್ನೂ ಒಂದೊಂದಾಗಿ ಎತ್ತಿ, ಅಡಿಗೆ ಒಂದೊಂದು ತೆಳು ಕಾಗದದ ಬಿಲ್ಲೆ ಇಟ್ಟಳು, ಕೀ ಅಷ್ಟು ಆಳಕ್ಕೆ ಇಳಿಯಬೇಕಾಗಿಲ್ಲ, ಬೆರಳಿಗೆ ದುಡಿಮೆ ಕಡಿಮೆ, ಮುದಿ ಎತ್ತು ಕಟ್ಟಿದ ದಿನ ಅಪ್ಪನೂ ನೇಗಿಲು ಮೇಲಕ್ಕೆತ್ತಿ ಉಳುತ್ತಿದ್ದ, ನೆಲಕ್ಕೆ ಗೊತ್ತಾಗುತ್ತೆ ಮಗಾ, ನೋಡೋರಿಗೆ ಗೊತ್ತಾಗಲ್ಲ. ಅವಳು ಮೊಣಕಾಲೂರಿ ಬಿಲ್ಲೆ ಇಡುತ್ತಿದ್ದರೆ ಅವನು ಕಿಟಕಿಗೆ ಒರಗಿ, ಹಗುರ ಸಿಕ್ಕಿದ ಖುಷಿಗೋ ಏನೋ, ಕಥೆ ಶುರು ಮಾಡಿದ, ಇದೇ ಹಾಲ್‌ನಲ್ಲಿ ಕಣಮ್ಮಾ, ನಂಗಾಗ ಇಪ್ಪತ್ತು, ಒಬ್ಬ ಮುದುಕ ಟ್ಯೂನರ್ ಇದ್ದ, ರಾತ್ರಿಯೆಲ್ಲ ಏನು ಮಾಡಿದ್ನೋ, ನಿದ್ದೆಗಣ್ಣಲ್ಲೇ ಶ್ರುತಿ ಮಾಡಿದಾನೆ, ನಡುವೆ ಕೈಕೊಡ್ತು ಪಿಯಾನೋ, ಸ್ಟೇಜಿಗೇ ಕರೆಸಿದೆ, ಕಣ್ಣುಜ್ಜಿಕೊಂಡು ಬಂದ ನೋಡು, ಜನ ಬಿದ್ದೂ ಬಿದ್ದೂ ನಕ್ಕರು. ಅವಳಿಗೆ ಗೊತ್ತು ಆ ಕಥೆ. ಪುಸ್ತಕದಲ್ಲಿ ಓದಿದ್ದಳು, ರೇಡಿಯೋದಲ್ಲಿ ಕೇಳಿದ್ದಳು, ಯಾವುದೋ ದೂರದೇಶದ ಟೀವಿಯಲ್ಲಿ ಅವನು ಕಣ್ಣುಜ್ಜುವ ನಟನೆ ಮಾಡಿ ತೋರಿಸಿದ್ದನ್ನೂ ನೋಡಿದ್ದಳು, ಹೇಳಿದಷ್ಟೂ ಮುದುಕನಿಗೆ ವಯಸ್ಸಾಗುತ್ತದೆ, ಒಂದು ಕಡೆ ಹೇಳಿದಾಗ ಮುದುಕನ ಬಾಯಿ ಬೇರೆ ಹೆಂಡದ ವಾಸನೆ ಹೊಡೆಯುತ್ತಿತ್ತು. ಹೌದಾ ಸರ್, ಅಂದಳು, ಐವತ್ತೊಂಬತ್ತನೆಯ ಬಿಲ್ಲೆ ಇಡುತ್ತ.

ಮುದುಕನಂತೆ, ಅಪ್ಪನಿಗೆ ಆಗ ಐವತ್ತೆರಡು. ಕಣ್ಣುಜ್ಜಲಿಲ್ಲ, ದೀಪ ಮುಖಕ್ಕೆ ಹೊಡೆದಿದ್ದರಿಂದ ಅಂಗೈ ಅಡ್ಡ ಹಿಡಿದ, ಅಷ್ಟೆ, ಅವಳೇ ನೋಡಿದ್ದಾಳೆ, ಹಿಂದಿನ ಸಾಲಿನಲ್ಲಿ ಬಿಟ್ಟಿ ಸೀಟಿನಲ್ಲಿ ಕೂತಿದ್ದಳು, ಹೊಸ ಸೀರೆ. ಗಾಡಿಯ ಚಕ್ರ ಕೂಡಿಸುತ್ತಿದ್ದ ಬಡಗಿ ಅಪ್ಪ, ಈ ಹಾಲಿನ ಬಾಗಿಲು ರಿಪೇರಿಗೆ ಬಂದವನು, ಹಳೆಯ ಟ್ಯೂನರ್ ಹತ್ತಿರ ನಿಂತು ನೋಡಿ ನೋಡಿ ಕಲಿತ, ಮರದ ಹಿಡಿ ಹಾಕಿದ ಸ್ಪ್ಯಾನರ್ ತಾನೇ ಮಾಡಿಕೊಂಡ. ಚಿನ್ನದ ಬೆರಳಿನ ಹುಡುಗ ಅವತ್ತು ಮಧ್ಯದಲ್ಲಿ ಮರೆತ, ದಾರಿ ತಪ್ಪಿದ, ಹಿಂದಕ್ಕೆ ಹೋಗಿ ಮತ್ತೆ ಬಂದ, ಮತ್ತೆ ತಪ್ಪಿದ, ಕೈ ಎತ್ತಿ ಎದ್ದು ನಿಂತು ಪಿಯಾನೋ ಸರಿಯಿಲ್ಲ ಅಂದ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಪ್ಪ ಬಂದ, ಒಂದೆರಡು ಕೀ ಒತ್ತಿದ, ಅಪ್ಪನಿಗೆ ತಿಳಿಯಿತು, ತಿಳಿಯಿತು ಎಂದು ಅವನ ಹೆಗಲು ನೋಡಿದರೆ ಅವಳಿಗೂ ತಿಳಿಯಿತು, ಆದರೂ ಸ್ಪ್ಯಾನರ್ ತೆಗೆದು ಮೊಳೆಗೆ ಸಿಕ್ಕಿಸಿ ಮಣಿಕಟ್ಟು ತಿರುಗಿಸಿದ, ಮೊಳೆ ತಿರುಗಲಿಲ್ಲ, ಮಣಿಕಟ್ಟು ಮಾತ್ರ, ಬಗ್ಗಿ ಕೈಮುಗಿದು ಹೋದ. ಹುಡುಗ ಅಷ್ಟು ಹೊತ್ತಿಗೆ ನೆನಪು ಮಾಡಿಕೊಂಡಿದ್ದ. ಮಾರನೆಯ ದಿನ ಪೇಪರಿನಲ್ಲಿ ಕೆಟ್ಟ ಪಿಯಾನೋ ಪಳಗಿಸಿದ ಹುಡುಗ, ಇನ್ನೊಂದು ವಾರಕ್ಕೆ ಅಪ್ಪನಿಗೆ ಚೀಟಿ, ನಾಳೆಯಿಂದ ಬರಬೇಕಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಯಾಕಪ್ಪಾ ಹಾಗೆ ಮಾಡ್ದೆ, ಏನೂ ಆಗಿಲ್ಲ ಅನ್ನಬಾರದಿತ್ತಾ, ಅವಳು ಅತ್ತು ಕೇಳಿದರೆ, ಹುಡುಗ ಕಣೇ, ಎಡವಿದ್ದ, ಅಷ್ಟು ಜನದ ಮುಂದೆ, ನಾನು ಒಂಚೂರು ಹೆಗಲು ಕೊಟ್ಟೆ, ಅವನಿಗೆ ಗೊತ್ತಿಲ್ಲ ಬಿಡು, ಗೊತ್ತಿದ್ರೆ ಹಾಗೆ ಅಂತಿರಲಿಲ್ಲ. ಗೊತ್ತಿಲ್ಲ ಬಿಡು. ಸಾಯುವ ತನಕ ಅದೇ ಮಾತು, ಶಾಲೆಯ ಬೆಂಚಿಗೆ ಮೊಳೆ ಹೊಡೆಯುತ್ತ, ಅವನಿಗೆ ಗೊತ್ತಿಲ್ಲ ಬಿಡು. ಅಪ್ಪ ಹೋದ ಮೇಲೆ ಅದೇ ಸ್ಪ್ಯಾನರ್ ಹಿಡಿದು ಅವಳು ಇದೇ ಹಾಲಿಗೆ ಬಂದಳು, ಅಪ್ಪನ ಹೆಸರು ಹೇಳದೆ, ಇಪ್ಪತ್ತಾರು ವರ್ಷದಲ್ಲಿ ಒಂದು ತಂತಿ ಅವಳ ಕೈಯಲ್ಲಿ ಜಾರಿಲ್ಲ, ಜಾರಬಾರದು, ಇನ್ನೊಬ್ಬ ನಿದ್ದೆಗಣ್ಣಿನ ಟ್ಯೂನರ್ ಈ ಮನೆಯಿಂದ ಹುಟ್ಟಬಾರದು.

ಬಂತು, ಈಗ ಬರುತ್ತದೆ ಆ ಜಾಗ, ಬಲಗೈಯ ಕೊನೆಯ ಎರಡು ಬೆರಳು ಪಕ್ಕಪಕ್ಕದ ಎರಡು ಸ್ವರವನ್ನು ಬಿಡದೆ ನಡುಗಿಸಬೇಕು, ಜೇನುನೊಣ ಒಂದೇ ಕಡೆ ನಿಂತು ಗುಂಯ್ಗುಟ್ಟಿದ ಹಾಗೆ, ಬಂತು — ಒಂದು ಸ್ವರ ಇದೆ, ಇನ್ನೊಂದಿಲ್ಲ, ನೊಣ ಕುಂಟುತ್ತಿದೆ, ಮತ್ತೊಮ್ಮೆ ಹಿಡಿದ, ಇಲ್ಲ, ನಿಂತಿತು, ಪೂರಾ ನಿಂತಿತು, ಬೂಟಿನ ಕಿರ್ ಕೂಡ. ಸಾವಿರದಿನ್ನೂರು ಜನ ಒಟ್ಟಿಗೆ ಎಚ್ಚರವಾದ ಸದ್ದು. ಅವನು ಬಲಗೈಯನ್ನು ಮೊಣಕಾಲಿನ ಮೇಲೆ ಇಟ್ಟ, ಎಡಗೈ ಎತ್ತಿದ, ನಕ್ಕ, ಆ ಟೀವಿಯ ನಗು, ಕ್ಷಮಿಸಬೇಕು, ಒಂದು ಕೀ ಮೇಲಕ್ಕೆ ಏಳ್ತಾ ಇಲ್ಲ, ಟ್ಯೂನರ್ ಇದ್ರೆ ದಯವಿಟ್ಟು ಕರೀರಿ, ಎಚ್ಚರ ಇದ್ರೆ — ಜನ ನಕ್ಕರು, ಕಥೆ ಗೊತ್ತಿದ್ದವರು ಇನ್ನೂ ಜೋರಾಗಿ. ಮೇಲ್ವಿಚಾರಕ ಓಡಿ ಬಂದ, ಅಕ್ಕಾ ಏನಾಯ್ತಕ್ಕಾ, ಬೇಗ ಹೋಗಕ್ಕಾ, ಮಾನ ಹೋಗುತ್ತೆ, ಯಾರ ಮಾನ ಕಣಪ್ಪಾ, ಅವಳು ಎದ್ದಳು, ಕಾಲಿಗೆ ಜೋಮು ಹಿಡಿದಿದೆ, ಪರದೆಯಿಂದ ಪಿಯಾನೋಗೆ ಹನ್ನೊಂದು ಹೆಜ್ಜೆ, ದೀಪ ಮುಖಕ್ಕೆ ಹೊಡೆಯಿತು, ಅಂಗೈ ಅಡ್ಡ ಹಿಡಿಯಬಾರದು, ಹಿಡಿಯಲಿಲ್ಲ. ನಾಲ್ಕನೆಯ ಹೆಜ್ಜೆಗೆ ಹೊಳೆಯಿತು, ಬಿಲ್ಲೆಯೇ ಆಗಿದ್ದರೆ, ತಾನಿಟ್ಟ ಕಾಗದ ಎಲ್ಲೋ ಮಡಚಿ, ಕೀ ನಿಜವಾಗಿ ಸಿಕ್ಕಿಕೊಂಡಿದ್ದರೆ, ಅವನು ಹೇಳಿದ್ದೇ ನಿಜವಾಗಿದ್ದರೆ, ಅಯ್ಯೋ ಅಪ್ಪಾ, ಎಂಬತ್ತೆಂಟರಲ್ಲಿ ಒಂದು, ಬೆಳಿಗ್ಗೆ ಎರಡೆರಡು ಸಲ ಒತ್ತಿ ನೋಡಿದ್ದೆನಲ್ಲ, ಅವನು ಕಥೆ ಹೇಳುವಾಗ ನೋಡಿದೆನೋ, ಏಳನೆಯ ಹೆಜ್ಜೆ, ಎಂಟನೆಯದು.

ಯಾವುದು ಸರ್, ಅವಳು ಬಗ್ಗಿ ಕೇಳಿದಳು, ಅವನು ಗದ್ದದಲ್ಲೇ ತೋರಿಸಿದ, ಮೇಲ್ಗಡೆಯ ಒಂದು ಕಪ್ಪು ಕೀ, ಅವಳು ಒತ್ತಿದಳು. ಬಂತು ಸ್ವರ, ಬಾವಿಗೆ ಬಿದ್ದ ಬೆಳ್ಳಿಯ ಹಾಗೆ, ಕೀ ಬೆರಳಿನ ಹಿಂದೆಯೇ ಎದ್ದು ಬಂತು. ಮತ್ತೊಮ್ಮೆ. ಬಂತು. ಬೇಗ ಬೇಗ ನಾಲ್ಕು ಸಲ, ಬಂತು ಬಂತು ಬಂತು ಬಂತು, ಹಾಲಿನ ಕೊನೆಯ ಗೋಡೆಗೆ ತಾಕಿ ತಿರುಗಿ ಬಂತು, ತನ್ನ ಕಾಗದ ತಪ್ಪಿಲ್ಲ, ಒಂದು ಕೂದಲಿನಷ್ಟೂ. ಸಾಕು ಸಾಕು, ಅವನು ನಗುವನ್ನು ಜನದ ಕಡೆಗೇ ಇಟ್ಟುಕೊಂಡು ತುಟಿ ಅಲುಗದೆ ಅಂದ, ಸುಮ್ನೆ ಒಂದ್ಸಲ ಸ್ಪ್ಯಾನರ್ ಹಾಕಿ ತಿರುಗಿಸಿದ ಹಾಗೆ ಮಾಡಮ್ಮಾ, ಆ ಮುದುಕ ಮಾಡಿದ್ನಲ್ಲ, ಹಾಗೆ. ಅವಳ ಕೈ ಚೀಲದೊಳಗೆ ಮರದ ಹಿಡಿಯ ಮೇಲಿತ್ತು. ಆ ಮುದುಕ ಮಾಡಿದ್ನಲ್ಲ. ಗೊತ್ತಿತ್ತು. ಇವನಿಗೆ ಅವತ್ತೇ ಗೊತ್ತಿತ್ತು, ಮೊಳೆ ತಿರುಗಲಿಲ್ಲ ಎಂದು ಗೊತ್ತಿತ್ತು, ಗೊತ್ತಿದ್ದೂ ಮೂವತ್ತೊಂದು ವರ್ಷ, ಪ್ರತಿ ಊರಿನಲ್ಲೂ, ಕಣ್ಣುಜ್ಜಿ ತೋರಿಸಿ — ಅವನಿಗೆ ಗೊತ್ತಿಲ್ಲ ಬಿಡು ಎನ್ನುತ್ತ ಬೆಂಚಿಗೆ ಮೊಳೆ ಹೊಡೆದವನೇ, ಕೇಳಿಸಿತೇನಪ್ಪಾ. ಕೈ ಹೊರಗೆ ಬಂತು, ಬರಿಗೈ. ಅವಳು ಚೀಲದ ಬಾಯಿ ಮುಚ್ಚಿದಳು, ಹಿತ್ತಾಳೆಯ ಗುಂಡಿ ಟಕ್ ಎಂದದ್ದು ಹಿಂದಿನ ಸಾಲಿನವರೆಗೂ ಕೇಳಿಸಿರಬೇಕು, ನೆಟ್ಟಗೆ ನಿಂತು, ಹೊಲದಾಚೆಯವರನ್ನು ಕೂಗುವ ದನಿಯಲ್ಲಿ, ಕೀ ಸರಿಯಾಗಿದೆ ಸರ್, ಪಿಯಾನೋಗೆ ಏನೂ ಆಗಿಲ್ಲ, ನುಡಿಸಿ. ಯಾರೂ ನಗಲಿಲ್ಲ. ಇನ್ನೇನು, ತಿರುಗಿ ಹನ್ನೊಂದು ಹೆಜ್ಜೆ, ಕುರ್ಚಿ, ಮುಗಿಯಿತು, ಎಷ್ಟು ವರ್ಷ ಕಾದ ಮಾತು, ಆಡಿಯಾಯಿತು, ಈಗ ಎದೆ ತುಂಬಬೇಕು, ತುಂಬುತ್ತದೆ, ಸ್ವಲ್ಪ ತಾಳು — ಅವನು ನಗುವನ್ನು ಎಲ್ಲಿ ಇಡುವುದೆಂದು ತಿಳಿಯದೆ ಬಲಗೈಯನ್ನು ಮಣೆಯ ಮೇಲೆ ಇಟ್ಟ, ನಾಲ್ಕು ಬೆರಳು ಇಳಿದವು, ಎಡಗೈಯಿಂದ ಐದನೆಯದನ್ನು ಹಿಡಿದು ಬಿಡಿಸಿದ, ಎಲ್ಲರ ಮುಂದೆ, ಮಗುವಿನ ಬೆರಳು ಬಿಡಿಸುವ ಹಾಗೆ, ಬಿಟ್ಟ ತಕ್ಷಣ ಮುದುಡಿತು, ಮತ್ತೆ ಬಿಡಿಸಿದ, ಹೋಗು, ನಿಂಗೇನು, ಅಂದುಕೊಂಡಳು, ಹೆಜ್ಜೆ ಎತ್ತು, ಕಾಲು ಏಳುತ್ತಿಲ್ಲ, ಕಲ್ಲಿಗೆ ತಟ್ಟಿದ ಮೊಟ್ಟೆ, ಅಮ್ಮನ ಬೆರಳ ತುದಿಯಲ್ಲಿ ಚಿಪ್ಪು, ಹೊಟ್ಟೆಗೆ ಒತ್ತಿದ ಮರಿಯ ಆ ಕಾಲು, ಉಗುರು ಸಮೇತ, ಮತ್ತೆ ಬಿಡಿಸಿದ, ಮುದುಡಿತು, ಆ ಕಾಲು, ಉಗುರು ಸಮೇತ, ಆ ಕಾಲು.