ಅಂಬವ್ವನ ಕೊಂಡಿ, ಸರ್ಕಾರದ ಕ್ಯಾಮೆರಾ

ಸರ್ಕಾರಿ ಟಿವಿಗೆ ಸರ್ಕಾರ ರೊಕ್ಕ ಕೊಡಬಾರದು ಎಂಬ ವಿಷಯದಲ್ಲಿ ಇಳಕಲ್ಲಿನಲ್ಲಿ ಶ್ರೀಧರನಷ್ಟು ಮಾತಾಡಿದವರು ಯಾರೂ ಇರಲಿಲ್ಲ. ಅವನಷ್ಟು ಕಡಿಮೆ ತಿಳಿದವರೂ ಇರಲಿಲ್ಲ. ಇದನ್ನು ಈಗ ಅವನೇ ಒಪ್ಪುತ್ತಾನೆ. ನಾಲ್ಕು ಪಾವರ್‌ಲೂಮಿನ ಧಣಿ; ಗುಂಡಿ ಒತ್ತಿದರೆ ಸೀರೆ, ಬಾಯಿ ತೆರೆದರೆ ಭಾಷಣ. "ಜಾಹೀರಾತು ತಂದು ದುಡಕೊಂಡು ತಿನ್ನಲಿ. ನಮ್ಮ ತೆರಿಗಿ ಯಾಕ? ಸರ್ಕಾರದ ಅನ್ನ ಉಂಡ ಟಿವಿ ಸರ್ಕಾರದ್ದ ಹಾಡು ಹಾಡತೈತಿ," ಎಂದು ಚಹಾದಂಗಡಿಯಲ್ಲಿ ಮೇಜು ಕುಟ್ಟುತ್ತಿದ್ದ. ಆ ಚಹಾದ ದುಡ್ಡನ್ನು ಮಾತ್ರ ಬೇರೆಯವರು ಕೊಡುತ್ತಿದ್ದರು.

ಅವನ ಹೆಂಡತಿ ಅಂಬವ್ವ ಇನ್ನೂ ಕುಣಿಮಗ್ಗ ಬಿಟ್ಟಿರಲಿಲ್ಲ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸುತ್ತಿದ್ದಳು. ಅದಕ್ಕೆ ಕೊಂಡಿ ಎನ್ನುತ್ತಾರೆ. ಅವಳಿಗೆ ಅವಳ ಅವ್ವ ಕಲಿಸಿದ್ದು. ಅವಳಿಂದ ಕಲಿಯುವವರು ಯಾರೂ ಬರಲಿಲ್ಲ. ಕಣ್ಣುಗಳೂ ಮಂಜಾಗತೊಡಗಿದ್ದವು. "ಕಣ್ಣು ಕಾಣೂದ್ರಾಗ ಇದನ್ನ ಯಾರರೆ ಪೂರಾ ಕ್ಯಾಮೆರಾದಾಗ ಹಿಡದು ಇಡಬೇಕ್ರಿ," ಎನ್ನುವುದೊಂದೇ ಅವಳ ಹಂಬಲ.

ಶ್ರೀಧರ ಒಂದು ಖಾಸಗಿ ಚಾನೆಲ್ಲಿನವರನ್ನು ಕೇಳಿ ನೋಡಿದ. ಅರ್ಧ ತಾಸಿನ ವಿಶೇಷ ಕಾರ್ಯಕ್ರಮಕ್ಕೆ ಅವರು ಹೇಳಿದ ರೇಟಿನಲ್ಲಿ ಇನ್ನೊಂದು ಪಾವರ್‌ಲೂಮ್ ಬರುತ್ತಿತ್ತು. ಆಗ ಅಂಬವ್ವ ಗಂಡನಿಗೆ ಹೇಳದೆ ಸರ್ಕಾರಿ ಟಿವಿಗೆ ಪತ್ರ ಬರೆಸಿ ಹಾಕಿದಳು. ಎಂಟು ತಿಂಗಳು ಬಿಟ್ಟು, ಬೆಂಗಳೂರಿನಿಂದ ಅನುರಾಧಾ ಎಂಬ ಅಧಿಕಾರಿಣಿ, ಕ್ಯಾಮೆರಾ ಹಿಡಿಯುವ ಇಮಾಮಹುಸೇನನೊಂದಿಗೆ ಬಂದಿಳಿದಳು. ಅವರಿಗೆ ಮಂಜೂರಾಗಿದ್ದು ಒಂದೇ ದಿನ.

ಬಂದವರಿಗೆ ನೀರು ಕೊಡುವ ಮುಂಚೆಯೇ ಶ್ರೀಧರ ತನ್ನ ತೆರಿಗೆಯ ಭಾಷಣ ಕೊಟ್ಟ. ಆಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ತಾನೇ ಮಗ್ಗದ ಕುಣಿಗೆ ಇಳಿದ.

"ಮುಟ್ಟಬ್ಯಾಡ್ರಿ, ಕೊಂಡಿ ಇನ್ನ ಹಸೀ ಐತಿ, ಬಿಗಿ ಆಗಿಲ್ಲ," ಎಂದಳು ಅಂಬವ್ವ.

"ನೀವೂ ನೇಯುತ್ತೀರಾ?" ಅನುರಾಧಾ ಕೇಳಿದಳು.

"ಹುಟ್ಟಿದಾಗಿಂದ್ರಿ!"

ಮದುವೆಯಾದ ಮೇಲೆ ಅವನು ಆ ಕುಣಿಗೆ ಇಳಿದಿದ್ದು ಅದೇ ಮೊದಲು. ಕ್ಯಾಮೆರಾದ ಕಡೆ ಹಲ್ಲು ಕಿರಿಯುತ್ತಾ ಒಂದು ಕುಣಿಕೆಯನ್ನು ಗತ್ತಿನಿಂದ ಜಗ್ಗಿದ. ಅದು ಬಿಚ್ಚಿತು, ಅದರ ಪಕ್ಕದ್ದು ಬಿಚ್ಚಿತು, ನೋಡನೋಡುತ್ತಾ ಸೆರಗು ಒಂದು ಕಡೆ, ಒಡಲು ಒಂದು ಕಡೆ.

"ಮಗ್ಗನ ಡೊಂಕೈತ್ರಿ," ಎಂದ. ಕುಣಿಯಲಾರದವರಿಗೆ ನೆಲ ಡೊಂಕಾಗುವುದು ಹೊಸದೇನಲ್ಲ.

ಅಂಬವ್ವ ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದ. ಅವಳು ತಾನುಟ್ಟ ಸೆರಗಿನಿಂದ ಕಣ್ಣೊರೆಸಿಕೊಂಡು, "ಮತ್ತ ಹಾಕಾಕ ಮೂರು ತಾಸು ಬೇಕ್ರಿ. ನೀವು ಹೋಗೂ ಮಂದಿ," ಎಂದಳು. ಶ್ರೀಧರನಿಗೆ ಆ ಕುಣಿಯಲ್ಲೇ ಮಣ್ಣು ಮುಚ್ಚಿಸಿಕೊಳ್ಳುವಷ್ಟು ನಾಚಿಕೆಯಾಯಿತು.

"ನೀವು ಹಾಕಿ ಅಮ್ಮ, ನಾವು ಕೂತಿರುತ್ತೇವೆ," ಎಂದಳು ಅನುರಾಧಾ. ಆಮೇಲೆ ಅವನ ಕಡೆ ತಿರುಗಿದಳು. "ನೀವು ಹೇಳಿದ್ದು ಸುಳ್ಳಲ್ಲ ಶ್ರೀಧರ ಅವರೇ. ಮಂತ್ರಿಗಳು ಟೇಪು ಕತ್ತರಿಸುವುದನ್ನೂ ನಾವು ತೋರಿಸುತ್ತೇವೆ. ಆದರೆ ಒಬ್ಬ ಹೆಂಗಸು ಮೂರು ಗಂಟೆ ದಾರ ಕಟ್ಟುವುದಕ್ಕೆ ಯಾವ ಸೋಪಿನವನು ಜಾಹೀರಾತು ಕೊಡುತ್ತಾನೆ, ನೀವೇ ಹೇಳಿ."

ಶ್ರೀಧರ ಕುಣಿಯಿಂದ ಮೇಲೆ ಹತ್ತಿ ಅಂಬವ್ವನಿಗೆ ಜಾಗ ಬಿಟ್ಟ. ಒಳಗೆ ಹೋಗಿ ಚಹಾ ಮಾಡಿ ತಂದ. ಅದಕ್ಕೆ ಸಕ್ಕರೆ ಹಾಕುವುದನ್ನು ಮರೆತಿದ್ದ.

ಎರಡು ತಿಂಗಳ ಮೇಲೆ ಒಂದು ರವಿವಾರ ಕಾರ್ಯಕ್ರಮ ಬಂತು. ಶ್ರೀಧರನ ಪಾಲಿಗೆ ಸಿಕ್ಕಿದ್ದು ಎರಡು ಸೆಕೆಂಡು, ಅದೂ ಬೆನ್ನು. ಉಳಿದ ಒಂದು ತಾಸು ಬರೀ ಅಂಬವ್ವನ ಕೈ. ಎಡಗೈ ತೋರುಬೆರಳು ಎಳೆಯನ್ನು ಎತ್ತುವುದು, ಹೆಬ್ಬೆರಳು ಅದನ್ನು ಒತ್ತಿ ಹಿಡಿಯುವುದು, ಎಳೆ ಕೊಯ್ದು ಕೊಯ್ದು ಬೆರಳ ತುದಿಯಲ್ಲಿ ಬಿದ್ದ ಗೀರುಗಳು. ಇಪ್ಪತ್ತೆಂಟು ವರ್ಷ ಆ ಕೈಯಿಂದ ರೊಟ್ಟಿ ತಿಂದವನಿಗೆ ಆ ಗೀರು ಕಾಣಿಸಲು ಸರ್ಕಾರದ ಖರ್ಚು ಬೇಕಾಯಿತು.

"ಎಲ್ಲಾ ಬಂತಲ್ರಿ?" ಅಂಬವ್ವ ಕೇಳಿದಳು. ಅವಳಿಗೆ ಪರದೆ ಮಸುಕಾಗಿ ಕಾಣುತ್ತಿತ್ತು. "ಕಡೀ ಕುಣಿಕಿ ತನಕಾನೂ?"

"ಬಂತು. ಒಂದು ಹಂತಾನೂ ಬಿಟ್ಟಿಲ್ಲ," ಎಂದ ಶ್ರೀಧರ. ತನ್ನ ಬೆರಳುಗಳನ್ನು ನೋಡಿಕೊಂಡು, "ನನಗ ಕಲಸ್ತಿ ಏನ?" ಎಂದ.

"ನಿಮಗ?" ಅವಳು ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ ಅವನ ಕೈಯನ್ನು ಹಿಡಿದು, ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. "ಭಾಳ ಮೆತ್ತಗದಾವು. ನೋವಾಗತೈತಿ, ನೋಡ್ರಿ."